ಹಕ್ಕಿ ಫೋಟೋಗೆ ಫುಲ್‌ಫ್ರೇಮ್ ಮಿರರ್‌ಲೆಸ್ಸಾ, ಸೂಪರ್‌ಜೂಮಾ? ಬಳಸಿದವರು ಹೇಳಿ

ವಿದ್ಯಾರಣ್ಯಪುರ:
ಎಲ್ಲರಿಗೂ ನಮಸ್ಕಾರ. ಹೆಸರಘಟ್ಟದ ಬಯಲು, ಜಕ್ಕೂರು ಕೆರೆ, ಯಾವಾಗಾದ್ರೂ ಒಮ್ಮೆ ನಂದಿಬೆಟ್ಟ, ನನ್ನ ಓಡಾಟ ಇಷ್ಟೇ. ಕೈಯಲ್ಲಿ 1.25 ಲಕ್ಷ ಇದೆ. ಮಂಡಿ ನೋವು, ಭಾರ ಹೊರೋಕಾಗಲ್ಲ. ನಿಕಾನ್ ಪಿ1000 ಥರದ ಸೂಪರ್‌ಜೂಮ್ (ಬಿಚ್ಚೋಕಾಗದ ಒಂದೇ ಉದ್ದ ಜೂಮ್ ಲೆನ್ಸಿನ ಕ್ಯಾಮೆರಾ) ತಗೊಂಡುಬಿಡಲಾ, ಇಲ್ಲ ಇನ್ನೂ ದುಡ್ಡು ಕೂಡಿಟ್ಟು ಲೆನ್ಸ್ ಬದಲಿಸಬಹುದಾದ, ದೊಡ್ಡ (ಫುಲ್‌ಫ್ರೇಮ್) ಸೆನ್ಸರಿನ ನಿಕಾನ್ ಜೆಡ್8 ಕಡೆ ಹೋಗಲಾ? ಒಳ್ಳೇ ಫೋಟೋ ಸಿಕ್ಕರೆ ಎ3 ಅಳತೆಗೆ ಪ್ರಿಂಟ್ ಹಾಕಿಸೋ ಆಸೆ ಇದೆ.

ಬಯಲುಹದ್ದು:
ಕೂಡಿಟ್ಟು ಜೆಡ್8 ತಗೊಳ್ಳಿ. ಆದ್ರೆ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಬೆಲೆ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ. 2023ರಲ್ಲಿ ಬಂದಾಗ ಬಾಡಿ 3,43,995 ರೂ. ಇತ್ತು. 180-600 ಎಂಎಂ ಜೂಮ್ ಲೆನ್ಸ್ ಆಗ ಒಂದೂಮುಕ್ಕಾಲು ಲಕ್ಷದ ಆಸುಪಾಸು ಇತ್ತು. ಎಲ್ಲರೂ ಲೆಕ್ಕ ನಿಲ್ಲಿಸೋದು ಇಲ್ಲಿಗೆ. ಕೈ ಸುಡೋದು ಇಲ್ಲಿಂದ ಮುಂದೆ.

ಮೊದಲು ಕಾರ್ಡ್. 45.7 ಮೆಗಾಪಿಕ್ಸೆಲ್ಲಿನ ಲಾಸ್‌ಲೆಸ್ ರಾ (ಸಂಸ್ಕರಿಸದ) ಫೈಲ್ ಒಂದೊಂದೂ 50 ಎಂಬಿ ಹತ್ತಿರ. ಸೆಕೆಂಡಿಗೆ 20 ಫ್ರೇಮ್ ಅಂದ್ರೆ ಸೆಕೆಂಡಿಗೆ ಒಂದು ಜಿಬಿ. ಅದಕ್ಕೆ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡೇ ಬೇಕು. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ವೇಗ ನೋಡಿ ಮೋಸ ಹೋಗಬೇಡಿ. ಎಡೆಬಿಡದೆ ಬರೆಯೋ ವೇಗ ಎಷ್ಟು ಅನ್ನೋದು ಬೇರೆ ಅಂಕಿ, ಅದನ್ನ ಕೇಳಿ ತಗೊಳ್ಳಿ. ಅಗ್ಗದ ಕಾರ್ಡ್ ಬಿಸಿಯಾದ ಮೇಲೆ ವೇಗ ಇಳಿಸುತ್ತೆ, ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ನಿಲ್ಲುತ್ತೆ. ಎರಡನೇ ಸ್ಲಾಟ್ ಎಸ್‌ಡಿ. ಎರಡಕ್ಕೂ ಒಟ್ಟಿಗೆ ಬರೆಯೋ ಬ್ಯಾಕಪ್ ಆನ್ ಮಾಡಿದ್ರೆ ಇಡೀ ಕ್ಯಾಮೆರಾ ಎಸ್‌ಡಿ ವೇಗಕ್ಕೆ ಇಳಿಯುತ್ತೆ. ಟೈಪ್ ಬಿ ರೀಡರ್ ಬೇರೆ ಖರ್ಚು.

ಆಮೇಲೆ ಲೆನ್ಸನ್ನ ಟ್ರೈಪಾಡಿಗೆ ಕೂರಿಸೋ ಕಾಲು. ಕಂಪನಿ ಕೊಟ್ಟಿರೋದು ಟ್ರೈಪಾಡಿನ ಆರ್ಕಾ ಮಾದರಿ ತಟ್ಟೆಗೆ ಕೂರಲ್ಲ. ಅಡಿಗೆ ಪ್ಲೇಟ್ ಬಿಗಿಯಬೇಕು, ಇಲ್ಲ ಕಾಲನ್ನೇ ಬದಲಿಸಬೇಕು. ಮುಂದಿನ ಗಾಜು 95 ಎಂಎಂ, ಆ ಅಳತೆಯ ಒಳ್ಳೇ ಫಿಲ್ಟರ್ ಅಗ್ಗಕ್ಕೆ ಸಿಗಲ್ಲ. ಇಎನ್-ಇಎಲ್15ಸಿ ಬ್ಯಾಟರಿ ಎರಡು ಹೆಚ್ಚುವರಿ. ಕೊನೆಗೆ ಲ್ಯಾಪ್‌ಟಾಪ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಈ ಫೈಲಿಗೆ ಎಐ ಡಿನಾಯ್ಸ್ (ಫೋಟೋದ ಕಾಳುಕಾಳು ತೆಗೆಯೋದು) ಕೊಟ್ಟರೆ ಒಂದೊಂದು ಫೋಟೋಗೂ ನಿಮಿಷಗಟ್ಟಲೆ ಕಾಯಬೇಕು. ಒಟ್ಟು ಆರು ಲಕ್ಷ ದಾಟುತ್ತೆ, ದಾಟಲಿ. 2024ರ ಫರ್ಮ್‌ವೇರ್ 2.00ರಲ್ಲಿ ಹಕ್ಕಿಗೇ ಅಂತ ಬೇರೆ ಫೋಕಸ್ ಬಂತು. ಬಯಲಲ್ಲಿ ನೆಲದ ಹತ್ತಿರ ಹಾರೋ ಸೆಳೆವದ (ಹ್ಯಾರಿಯರ್ ಹಕ್ಕಿ) ಕಣ್ಣಿಗೆ ಫೋಕಸ್ ಚೌಕ ಅಂಟಿಕೊಂಡೇ ಹೋಗುತ್ತೆ. ಅದಕ್ಕೆ ಬೆಲೆ ಕಟ್ಟೋಕಾಗಲ್ಲ.

ಗೀಜಗ:
ಕೇಳಿದವರ ಹತ್ರ ಇರೋದು 1.25 ಲಕ್ಷ, ನೀವು ಹೇಳ್ತಿರೋದು ಆರು ಲಕ್ಷ! ಮಂಡಿ ನೋವು ಅಂತ ಬರೆದಿದ್ದಾರೆ. ಜೆಡ್8 ಬ್ಯಾಟರಿ ಸಮೇತ 910 ಗ್ರಾಂ, 180-600 ಕಾಲರ್ ಸಮೇತ 2140 ಗ್ರಾಂ. ಮೂರು ಕೇಜಿ ಕುತ್ತಿಗೆಗೆ ನೇತುಹಾಕಿಕೊಂಡು ಕೆರೆ ಸುತ್ತೋದು ಯಾರು? ಪಿ1000 1415 ಗ್ರಾಂ. ಅದೂ ಹಗುರ ಅಲ್ಲ, ಆದ್ರೆ ಅಷ್ಟೇ, ಬೇರೆ ಲೆನ್ಸ್ ಇಲ್ಲ.

ಪಿ1000 ಕೆಟ್ಟದು ಅನ್ನೋರಲ್ಲಿ ಮುಕ್ಕಾಲು ಪಾಲು ಜನ ಅದನ್ನ ಹಿಡಿಯೋ ರೀತಿ ಕಲಿತಿರಲ್ಲ. 3000ಕ್ಕೆ ಜೂಮ್ ಮಾಡಿ ಹಕ್ಕಿ ಹುಡುಕಿದ್ರೆ ಬರೀ ಎಲೆ ಕಾಣುತ್ತೆ. ಲೆನ್ಸಿನ ಪಕ್ಕದಲ್ಲೇ ಸ್ನ್ಯಾಪ್-ಬ್ಯಾಕ್ ಬಟನ್ ಇದೆ. ಒತ್ತಿ ಹಿಡಿದ್ರೆ ನೋಟ ಅಗಲ ಆಗುತ್ತೆ, ಹಕ್ಕಿಯನ್ನ ಚೌಕಟ್ಟಿನೊಳಗೆ ತಂದು ಬಿಟ್ಟರೆ ಮತ್ತೆ ಅದೇ ಜೂಮಿಗೆ ಹೋಗುತ್ತೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮಿತಿ 400ಕ್ಕೆ ಕಟ್ಟಿ. ಫೋಕಸ್ ಚೌಕ ಅತಿ ಚಿಕ್ಕದು, ನಡುವೆ. ಬೆಳ್ಳಕ್ಕಿಗೆ ಎಕ್ಸ್‌ಪೋಷರ್ ಮೈನಸ್ 0.7, ಇಲ್ಲದಿದ್ರೆ ರೆಕ್ಕೆ ಸುಣ್ಣ ಬಳಿದ ಗೋಡೆ ಆಗುತ್ತೆ. ವೇಗದ ಬರ್ಸ್ಟ್ (ಎಡೆಬಿಡದೆ ಹೊಡೆಯೋದು) ಸೆಕೆಂಡಿಗೆ 7 ಫೋಟೋ, ಆದ್ರೆ 7ಕ್ಕೇ ಮುಗಿಯುತ್ತೆ, ಆಮೇಲೆ ಕಾರ್ಡಿಗೆ ಬರೆಯೋ ತನಕ ಕಾಯಬೇಕು. ಅದಕ್ಕೆ ಒಂದೊಂದಾಗಿಯೇ ಹೊಡೆಯಿರಿ. ಪೂರ್ತಿ ಜೂಮಲ್ಲಿ 7 ಮೀಟರಿಗಿಂತ ಹತ್ತಿರ ಫೋಕಸ್ ಕೂರಲ್ಲ. ಹಕ್ಕಿ ಹತ್ತಿರ ಬಂದ್ರೆ ಜೂಮ್ ಇಳಿಸಿ. ಬ್ಯಾಟರಿ ಒಂದಕ್ಕೆ ಸುಮಾರು 250 ಫೋಟೋ, ಮೂರು ಇಟ್ಟುಕೊಳ್ಳಿ. ಫೋಟೋ 4608 x 3456 ಪಿಕ್ಸೆಲ್. ಎ3ಗೆ ಇಂಚಿಗೆ 279 ಬೀಳುತ್ತೆ, ಧಾರಾಳ ಸಾಕು.

ಮಿಂಚುಳ್ಳಿ:
ಪಿಕ್ಸೆಲ್ ಲೆಕ್ಕ ಸರಿ, ಪಿಕ್ಸೆಲ್ ಒಳಗೆ ಏನಿದೆ ಅನ್ನೋದು ಬೇರೆ ಮಾತು. 3000 ಅನ್ನೋದು 35 ಎಂಎಂ ಸಮಾನ ಲೆಕ್ಕ, ಅಂದ್ರೆ ಫುಲ್‌ಫ್ರೇಮಲ್ಲಿ ಅಷ್ಟೇ ನೋಟ ಕೊಡೋ ಲೆನ್ಸಿನ ಉದ್ದ. ಲೆನ್ಸಿನ ಮುಂದಿನ ಉಂಗುರ ಓದಿ, 4.3-539 ಎಂಎಂ, ಎಫ್ 2.8-8 ಅಂತ ಬರೆದಿದೆ. ಎಫ್ ಅಂದ್ರೆ ಲೆನ್ಸಿನ ಉದ್ದ ತೂತಿನ ಅಗಲದ ಎಷ್ಟು ಪಟ್ಟು ಅನ್ನೋ ಅಂಕಿ, ಅದಕ್ಕೆ 539ನ್ನ 8ರಿಂದ ಭಾಗಿಸಿ: 67 ಎಂಎಂ. ಬೆಳಕು ಒಳಗೆ ಬರೋ ತೂತು ಅಷ್ಟು ಅಗಲ. 180-600 ಲೆನ್ಸಿನ 600 ಎಂಎಂ ಎಫ್/6.3ಕ್ಕೆ ಅದೇ ಲೆಕ್ಕ ಹಾಕಿದ್ರೆ 95 ಎಂಎಂ. ವಿಸ್ತೀರ್ಣ ಎರಡು ಪಟ್ಟು. ದೂರದ ಹಕ್ಕಿಯ ವಿವರ ಎಷ್ಟು ಬರಬಹುದು ಅನ್ನೋದಕ್ಕೆ ಮೇಲ್ಮಿತಿ ಹಾಕೋದು ಈ ತೂತು.

ಎಫ್/8ರಲ್ಲಿ ಒಂದು ಬೆಳಕಿನ ಚುಕ್ಕಿ ಸೆನ್ಸರ್ ಮೇಲೆ ಸುಮಾರು 10.7 ಮೈಕ್ರಾನ್ ಅಗಲ ಹರಡುತ್ತೆ. ಪಿ1000ರ ಪಿಕ್ಸೆಲ್ 1.34 ಮೈಕ್ರಾನ್. ಒಂದು ಚುಕ್ಕಿ ಎಂಟು ಪಿಕ್ಸೆಲ್ ಅಗಲ ಆವರಿಸುತ್ತೆ! ಕಳ್ಳಿಪೀರ ಹಕ್ಕಿಯ ಕತ್ತಿನ ಗರಿಗಳನ್ನ ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿ, ಎಳೆ ಎಳೆಯಾಗಿ ಇರಬೇಕಾದ ಕಡೆ ಹಸಿರು ಬಣ್ಣ ಒದ್ದೆ ಕಾಗದದ ಮೇಲೆ ಹರಿದ ಹಾಗೆ ಇರುತ್ತೆ. ಫೋಕಸ್ ತಪ್ಪಿಲ್ಲ, ಕೈ ನಡುಗಿಲ್ಲ. ಭೌತಶಾಸ್ತ್ರ ಅಲ್ಲಿಗೆ ನಿಲ್ಲಿಸಿದೆ. ಮಿರರ್‌ಲೆಸ್ಸಲ್ಲಿ 600ರಲ್ಲಿ ತೆಗೆದು ಕ್ರಾಪ್ ಮಾಡಿದ್ರೆ ಅದೇ ಹಕ್ಕಿಗೆ ಪಿಕ್ಸೆಲ್ ಕಡಿಮೆ ಬೀಳುತ್ತೆ, ಆದ್ರೆ ಗರಿಯ ಎಳೆ ಉಳಿಯುತ್ತೆ.

ಗೀಜಗ:
ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡೋದು ನಿಮ್ಮಂಥವರು ಮಾತ್ರ. ಎ3 ಪ್ರಿಂಟನ್ನ ಗೋಡೆಗೆ ಹಾಕಿ ನಾಲ್ಕು ಅಡಿ ದೂರದಿಂದ ನೋಡೋರಿಗೆ ಈ ಮೈಕ್ರಾನ್ ಕಟ್ಕೊಂಡು ಏನಾಗಬೇಕು?

ಮಿಂಚುಳ್ಳಿ:
ಬೆಳಕು ಚೆನ್ನಾಗಿದ್ರೆ ಏನೂ ಆಗಬೇಕಿಲ್ಲ, ಒಪ್ಪಿದೆ. ಬೆಳಕು ಕಡಿಮೆ ಆದಾಗ ನೋಡಿ. ರಾಗಿಹಳ್ಳಿ ಕಡೆ ಬಿದಿರ ಮೆಳೆಯೊಳಗೆ ಬೆಳಿಗ್ಗೆ ಆರೂವರೆಗೆ 600 ಎಫ್/6.3ರಲ್ಲಿ 1/500, ಐಎಸ್‌ಒ 6400 ಬರುತ್ತೆ ಅನ್ನಿ. ಫುಲ್‌ಫ್ರೇಮಲ್ಲಿ ಆ ಫೈಲನ್ನ ಡಿನಾಯ್ಸ್ ಮಾಡಿದ್ರೆ ಪ್ರಿಂಟಿಗೆ ಆಗುತ್ತೆ. ಅದೇ ಜಾಗದಲ್ಲಿ ಪಿ1000 ಎಫ್/8, ಐಎಸ್‌ಒ 800 ಇಟ್ಟರೆ ಶಟರ್ 1/40ಕ್ಕೆ ಇಳಿಯುತ್ತೆ. ವಿಆರ್ ನಿಮ್ಮ ಕೈ ನಡುಕ ತಡೆಯುತ್ತೆ, ಹಕ್ಕಿ ತಲೆ ತಿರುಗಿಸೋದನ್ನ ತಡೆಯಲ್ಲ. ನೀವು ಹೇಳಿದ ಹಾಗೆ 400ಕ್ಕೆ ಮಿತಿ ಕಟ್ಟಿದ್ರೆ 1/20.

ಬಯಲುಹದ್ದು:
ಅದನ್ನೇ ನಾನು ಹೇಳಿದ್ದು. ಅಗ್ಗದ್ದು ತಗೊಂಡು ಎರಡು ವರ್ಷಕ್ಕೆ ಮಾರಿ ಮತ್ತೆ ದೊಡ್ಡದು ತಗೊಳ್ಳೋದಕ್ಕಿಂತ ಒಂದೇ ಸಲ ತಗೊಳ್ಳೋದು ಮೇಲು.

ಗೀಜಗ:
ನೀವು ಹೇಳಿದ್ದು ಕಾರ್ಡ್ ಬೆಲೆ, ಅವರು ಹೇಳಿದ್ದು ಬೆಳಕು. ಬೇರೆಯವರ ವಾದದ ಮೇಲೆ ಸವಾರಿ ಮಾಡಬೇಡಿ. ನಿಮ್ಮ ಜೆಡ್8ಗೆ ಅದರ ದೊಡ್ಡಣ್ಣ ಜೆಡ್9ರಲ್ಲಿರೋ ಸೆನ್ಸರ್ ಶೀಲ್ಡ್ (ಆಫ್ ಮಾಡಿದಾಗ ಸೆನ್ಸರ್ ಮುಚ್ಚೋ ಪರದೆ) ಇಲ್ಲ. ಮೆಕ್ಯಾನಿಕಲ್ ಶಟರ್ರೂ ಇಲ್ಲ, ಮುಚ್ಚಿಕೊಳ್ಳೋಕೆ ಏನೂ ಇಲ್ಲ. ಹೆಸರಘಟ್ಟದ ಗಾಳಿಯಲ್ಲಿ ಲೆನ್ಸ್ ಬಿಚ್ಚಿದ್ರೆ ಕೆಂಧೂಳು ನೇರ ಸೆನ್ಸರ್ ಮೇಲೆ. ಅದನ್ನೂ ಹೇಳಿ ಅವರಿಗೆ.

ಬಯಲುಹದ್ದು:
ಬಯಲಲ್ಲಿ ಲೆನ್ಸ್ ಬಿಚ್ಚೋದೇ ತಪ್ಪು. ಬಿಚ್ಚಲೇಬೇಕಾದ್ರೆ ಆಫ್ ಮಾಡಿ, ಮೌಂಟ್ ನೆಲದ ಕಡೆ ಮಾಡಿ, ಕಾರೊಳಗೆ ಕೂತು ಬದಲಿಸಿ. ಧೂಳು ಕೂತರೂ ಮೊದಲು ರಬ್ಬರ್ ಬ್ಲೋವರ್, ಹೋಗದಿದ್ರೆ 24 ಎಂಎಂ ಸ್ವಾಬ್ ಮೇಲೆ ಎರಡು ಹನಿ ದ್ರವ, ಈ ಅಂಚಿಂದ ಆ ಅಂಚಿಗೆ ಒಂದೇ ಸಲ. ಬಾಯಿಂದ ಊದಬೇಡಿ. ಹತ್ತು ನಿಮಿಷದ ಕೆಲಸ. ಸೂಪರ್‌ಜೂಮ್ ಒಳಗೆ ಧೂಳು ಹೋದ್ರೆ ಏನು ಮಾಡ್ತೀರಿ?

ಕವಲುತೋಕೆ:
ಆ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಬರೆಯಲ್ಲ. ಹೊರಕ್ಕೆ ಚಾಚೋ ಲೆನ್ಸ್ ಸೈಕಲ್ ಪಂಪ್ ಇದ್ದ ಹಾಗೆ, ಪ್ರತಿ ಸಲ ಜೂಮ್ ಮಾಡಿದಾಗ ಗಾಳಿ ಎಳೆಯುತ್ತೆ. ಒಳಗೆ ಹೋದ ಕಣ ಚಿಕ್ಕ ಸೆನ್ಸರ್ ಮೇಲೆ ಕೂತರೆ ಪೂರ್ತಿ ಜೂಮಲ್ಲಿ ಆಕಾಶದ ಫೋಟೋದಲ್ಲಿ ಬೂದು ಮಚ್ಚೆ. ಇಡೀ ಲೆನ್ಸ್ ಬಿಚ್ಚದೆ ಅಲ್ಲಿಗೆ ಕೈ ಹೋಗಲ್ಲ. ಮೋಟಾರಿಗೋ ಫ್ಲೆಕ್ಸ್ ಕೇಬಲ್ಲಿಗೋ ತೊಂದರೆ ಬಂದ್ರೆ ಲೆನ್ಸ್ ಬ್ಲಾಕನ್ನೇ ಬದಲಿಸೋದು, ಆ ಎಸ್ಟಿಮೇಟ್ ಕ್ಯಾಮೆರಾದ ಅರ್ಧ ಬೆಲೆ ಮುಟ್ಟೋದುಂಟು.

ಸೆಕೆಂಡ್ ಹ್ಯಾಂಡ್ ಸೂಪರ್‌ಜೂಮ್ ನೋಡೋಕೆ ಹೋದ್ರೆ ಹೀಗೆ ಮಾಡಿ. ಪೂರ್ತಿ ಜೂಮ್, ಅತಿ ಚಿಕ್ಕ ಅಪರ್ಚರ್, ಬಿಳಿ ಗೋಡೆ, ಫೋಕಸ್ ತಪ್ಪಿಸಿ ಒಂದು ಫೋಟೋ. ಅದನ್ನ ಅಂಗಡಿ ಸ್ಕ್ರೀನಲ್ಲಿ ಅಲ್ಲ, ನಿಮ್ಮ ಲ್ಯಾಪ್‌ಟಾಪಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ. ಇಪ್ಪತ್ತು ಸಲ ಜೂಮ್ ಒಳಗೆ ಹೊರಗೆ ಓಡಿಸಿ, ಕಿವಿಗೊಟ್ಟು ಕೇಳಿ. ಒಂದೇ ಜಾಗದಲ್ಲಿ ಸದ್ದು ಬದಲಾದ್ರೆ ಗೇರಿನ ಹಲ್ಲು ಸವೆದಿದೆ ಅಥವಾ ಒಳಗೆ ಮರಳು ಸೇರಿದೆ. ಪೂರ್ತಿ ಚಾಚಿದಾಗ ಬ್ಯಾರೆಲ್ಲನ್ನ ಎರಡು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ. ಸ್ವಲ್ಪ ಸಡಿಲ ಇದ್ದೇ ಇರುತ್ತೆ, ಲಟಕ್ ಅಂದ್ರೆ ಬೇಡ. ಕತ್ತಲಲ್ಲಿ ಮುಂದಿನ ಗಾಜಿಗೆ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಎಳೆ ಥರ ಕಂಡ್ರೆ ಫಂಗಸ್.

ಮತ್ತೆ ಯಾವುದೇ ತಗೊಳ್ಳಿ, 18 ಪರ್ಸೆಂಟ್ ಜಿಎಸ್‌ಟಿ ಬಿಲ್ ಮತ್ತು ಇಂಡಿಯಾ ವಾರಂಟಿ ಕಾರ್ಡ್ ಇಲ್ಲದೆ ತಗೋಬೇಡಿ. ಗ್ರೇ ಮಾಲಿನಲ್ಲಿ (ಅಧಿಕೃತ ಡೀಲರ್ ಮೂಲಕ ಬರದ ಮಾಲು) ಹದಿನೈದು ಸಾವಿರ ಉಳಿದ ಹಾಗೆ ಕಾಣುತ್ತೆ, ಮೊದಲ ರಿಪೇರಿಯಲ್ಲೇ ಅದು ವಾಪಸ್ ಹೋಗುತ್ತೆ.

ಪಾತರಗಿತ್ತಿ:
ಇಬ್ಬರೂ ನಡುವಿನ ದಾರಿ ಮರೆತಿದ್ದೀರಿ. ಸೋನಿ ಆರ್‌ಎಕ್ಸ್10 ಮಾರ್ಕ್ 4. 2017ರದ್ದು, ಒಂದಿಂಚು ಸೆನ್ಸರ್, 24-600 ಸಮಾನ, ಕೊನೆಯಲ್ಲೂ ಎಫ್/4, ಸೆಕೆಂಡಿಗೆ 24, 1095 ಗ್ರಾಂ. ಮಿಂಚುಳ್ಳಿಯವರ ತೂತಿನ ಲೆಕ್ಕ ಹಾಕಿ: ನಿಜವಾದ ಉದ್ದ 220, ಭಾಗಿಸು 4, ಅಂದ್ರೆ 55 ಎಂಎಂ. ಕ್ಯಾನನ್ನಿನ ಆರ್‌ಎಫ್ 600 ಎಫ್/11 ಲೆನ್ಸಿನ ತೂತೂ ಅಷ್ಟೇ. ಪೂರ್ತಿ ಜೂಮಲ್ಲಿ 72 ಸೆಂ.ಮೀ. ಹತ್ತಿರದಲ್ಲಿ ಫೋಕಸ್ ಕೂರುತ್ತೆ. 180-600ಕ್ಕೆ 600ರಲ್ಲಿ 2.4 ಮೀಟರ್ ಬೇಕು. ಚಿಟ್ಟೆ, ಏರೋಪ್ಲೇನ್ ಚಿಟ್ಟೆ ತೆಗೆಯೋರಿಗೆ ಈ ಒಂದು ಅಂಕಿ ಸಾಕು. ಧೂಳು, ತುಂತುರಿಗೂ ಒಂದು ಮಟ್ಟಿಗೆ ತಡೆಯುತ್ತೆ.

ಕೊರತೆನೂ ಹೇಳ್ತೀನಿ. ಎನ್‌ಪಿ-ಎಫ್‌ಡಬ್ಲ್ಯು50 ಬ್ಯಾಟರಿ ಪುಟ್ಟದು, ಯುಎಸ್‌ಬಿ ಹಳೇ ಮೈಕ್ರೋ, ಮೋಟಾರ್ ಜೂಮ್ ನಿಧಾನ. ಹಾರೋ ಹಕ್ಕಿಯ ಕಣ್ಣು ಹಿಡಿಯೋ ಬುದ್ಧಿ ಅದಕ್ಕಿಲ್ಲ. ಈಗ ಹುಡುಕಬೇಕಾದದ್ದು ಹಳೇ ಮಾಲೇ.

ಬಯಲುಹದ್ದು:
2017ರ ಕ್ಯಾಮೆರಾಗೆ ಲಕ್ಷ ಕೊಡಿ ಅಂತ ಹೇಳೋದಕ್ಕೆ ಮನಸ್ಸಾದ್ರೂ ಹೇಗೆ ಬರುತ್ತೆ?

ಪಾತರಗಿತ್ತಿ:
ಆರು ಲಕ್ಷ ಕೊಡಿ ಅಂತ ಹೇಳೋದಕ್ಕೆ ಬಂದ ಹಾಗೇ.

ಗೀಜಗ:
ಇನ್ನೊಂದು ವಿಷಯ. ಹಲವು ಪಕ್ಷಿಧಾಮ, ಕಾಡಿನ ಗೇಟಲ್ಲಿ ಕ್ಯಾಮೆರಾ ಶುಲ್ಕ ಲೆನ್ಸ್ ಉದ್ದದ ಮೇಲೆ. ಬಾಡಿ ಮೇಲಿನ 125ಎಕ್ಸ್ ನೋಡಿ ಕೌಂಟರಿನವರು 3000 ಅಂತ ಬರೆದ್ರೆ ಉಂಗುರದ ಮೇಲಿನ 539 ತೋರಿಸಿ.

ಪಾತರಗಿತ್ತಿ:
500ರ ಮೇಲೆ ಒಂದೇ ದರ ಇರೋ ಕಡೆ 539 ಆದ್ರೇನು, 3000 ಆದ್ರೇನು? ನಮ್ಮದು 220, ನಮಗೆ ನಿಜವಾಗಿ ಕಡಿಮೆ ಆಗುತ್ತೆ.

ಕವಲುತೋಕೆ:
ಅದು ಸರಿಯಲ್ಲ. 600 ಸಮಾನ ನೋಟದ ಲೆನ್ಸ್ ಇಟ್ಟುಕೊಂಡು 220 ಅಂತ ಬರೆಸೋದು ಆ ದರ ಪಟ್ಟಿಯ ಉದ್ದೇಶಕ್ಕೇ ವಿರುದ್ಧ. ಆ ದುಡ್ಡು ಸೇರೋದು ನಾವು ಫೋಟೋ ತೆಗೆಯೋ ಕಾಡಿಗೇ.

ಪಾತರಗಿತ್ತಿ:
ಫಲಕದಲ್ಲಿ ಲೆನ್ಸ್ ಎಂಎಂ ಅಂತ ಇದೆ, ಸಮಾನ ಅಂತ ಇಲ್ಲ. ಉಂಗುರದ ಮೇಲೆ ಏನಿದೆಯೋ ಅದೇ ಸತ್ಯ. ಸುಳ್ಳು ಹೇಳ್ತೀನಿ ಅನ್ನೋ ಥರ ಮಾತಾಡಬೇಡಿ.

ವಿದ್ಯಾರಣ್ಯಪುರ:
ದಯವಿಟ್ಟು ಜಗಳ ಬೇಡ. ಹೆಸರಘಟ್ಟದಲ್ಲಿ ಹತ್ತು ಗಂಟೆ ಮೇಲೆ ಸೂಪರ್‌ಜೂಮ್ ಹೇಗೆ ಬರುತ್ತೆ ಅಂತ ಯಾರಾದ್ರೂ ಹೇಳ್ತೀರಾ? ಮತ್ತೆ ಮಳೆಗಾಲದಲ್ಲಿ ಎಲ್ಲಿ ಇಡೋದು?

ಮಿಂಚುಳ್ಳಿ:
ಹತ್ತರ ಮೇಲೆ ಬಯಲ ನೆಲ ಕಾದು ಗಾಳಿ ಕುದಿಯುತ್ತೆ. ಐವತ್ತು ಮೀಟರ್ ಆಚೆಗಿನ ಹಕ್ಕಿಯ ಅಂಚು ನೀರೊಳಗಿನ ಹಾಗೆ ಅಲ್ಲಾಡುತ್ತೆ. ಆಗ ಸೂಪರ್‌ಜೂಮೂ ಒಂದೇ, ಆರು ಲಕ್ಷದ್ದೂ ಒಂದೇ. ಒಂಬತ್ತಕ್ಕೆ ಮುಗಿಸಿ, ಇಲ್ಲ ಹತ್ತಿರ ಹೋಗಿ. ವಾರಾಂತ್ಯಕ್ಕೆ ಎರಡನ್ನೂ ಬಾಡಿಗೆಗೆ ತಂದು ಅದೇ ಬಯಲಲ್ಲಿ ಅದೇ ಹೊತ್ತಿಗೆ ಹೊಡೆದು ನೋಡಿ, ಮಂಡಿ ಏನನ್ನುತ್ತೆ ಅಂತಾನೂ ಗೊತ್ತಾಗುತ್ತೆ.

ಗೀಜಗ:
ಇಡೋದಕ್ಕೆ ಅಕ್ಕಿ ಡಬ್ಬ ಸಾಕು. ಅಕ್ಕಿ ತೇವ ಎಳೆಯುತ್ತೆ.

ಕವಲುತೋಕೆ:
ಅಕ್ಕಿ ಬೇಡವೇ ಬೇಡ! ತೇವ ಎಳೆಯೋದಕ್ಕಿಂತ ಹಿಟ್ಟಿನ ಪುಡಿ ಬಿಡೋದೇ ಹೆಚ್ಚು, ಅದು ಚಾಚೋ ಲೆನ್ಸಿನ ಸಂದಿಗೆ ಹೋಗಿ ಕೂರುತ್ತೆ. ಆಗಸ್ಟ್ ಬೆಳಗಿನ ಹೊತ್ತು ಬೆಂಗಳೂರಲ್ಲಿ ಆರ್ದ್ರತೆ 80 ದಾಟುತ್ತೆ, ಫಂಗಸ್ಸಿಗೆ 60ರ ಮೇಲೆ ಇದ್ರೆ ಸಾಕು. ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಬೇಡ ಅಂದ್ರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಹತ್ತು ಲೀಟರಿಂದು. ಒಳಗೆ ಕಾಲು ಕೇಜಿ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಜೊತೆಗೆ ಪುಟ್ಟ ಹೈಗ್ರೋಮೀಟರ್ (ಆರ್ದ್ರತೆ ಅಳೆಯೋದು). ಮುಳ್ಳು 40ರಿಂದ 50ರ ನಡುವೆ ಇರಲಿ. ಕ್ಯಾಮೆರಾನ ಚರ್ಮದ ಕೇಸ್ ಸಮೇತ ಇಡಬೇಡಿ, ಕೇಸಲ್ಲೇ ತೇವ ಇರುತ್ತೆ.

ಬಯಲುಹದ್ದು:
ಜೆಲ್ ಬಣ್ಣ ಬದಲಾದ್ರೆ ತವದ ಮೇಲೆ ಹುರಿದ್ರೆ ಆಯ್ತು.

ಕವಲುತೋಕೆ:
ತವದ ಮೇಲೆ ಹುರಿದ್ರೆ ತಳದ ಕಾಳು ಕಪ್ಪಾಗುತ್ತೆ, ಆಮೇಲೆ ಬಣ್ಣ ಬದಲಾಗಲ್ಲ, ತುಂಬಿದೆಯೋ ಖಾಲಿಯೋ ಗೊತ್ತಾಗಲ್ಲ. ಓವನ್ನಲ್ಲಿ 120 ಡಿಗ್ರಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ಎರಡು ಗಂಟೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ. ನೀಲಿ ಜೆಲ್ಲಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅಡುಗೆ ತಟ್ಟೆಯಲ್ಲಿ ಇಡಬೇಡಿ. ಕಿತ್ತಳೆ ಬಣ್ಣದ್ದು ಕೇಳಿ ತಗೊಳ್ಳಿ.