ಪೌತಿ ಖಾತೆಗೆಂದು ಅಣ್ಣ ಸಹಿ ಕೇಳುತ್ತಿದ್ದಾನೆ, ಮಾಡಬಹುದೇ?

ಪ್ರಶ್ನೆ (ಕುಮಟಾದಿಂದ)

ನನ್ನ ತವರು ಶಿರಸಿ ತಾಲೂಕಿನ ಒಂದು ಹಳ್ಳಿ. ಅಜ್ಜನ ಕಾಲದಿಂದ ಬಂದ ಎರಡು ಎಕರೆ ಅಡಿಕೆ ತೋಟವೂ ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟವೂ ಇವೆ. ತಂದೆ 2003ರಲ್ಲಿ ತೀರಿಕೊಂಡರು. ಪಹಣಿಯಲ್ಲಿ ಇಂದಿಗೂ ಅವರದೇ ಹೆಸರಿದೆ. ಸೊಸೈಟಿಯಲ್ಲಿ ಬೆಳೆಸಾಲ ಪಡೆಯಲು ಖಾತೆ ತನ್ನ ಹೆಸರಿಗೆ ಬೇಕೆಂದು ಅಣ್ಣ ಛಾಪಾ ಕಾಗದವೊಂದನ್ನು ತಂದಿದ್ದಾನೆ. ಮದುವೆಗೆ ಖರ್ಚು ಮಾಡಿದ್ದಾಗಿದೆ, ತಂದೆ 2005ಕ್ಕಿಂತ ಮೊದಲೇ ಹೋದದ್ದರಿಂದ ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂಬುದು ಅವನ ಮಾತು. ತಾಯಿ ಅವನ ಜೊತೆಗೇ ಇದ್ದಾರೆ. ಜಗಳ ನನಗೆ ಬೇಡ. ತಿಳಿಯದೆ ಸಹಿ ಮಾಡಲೂ ಮನಸ್ಸು ಬರುತ್ತಿಲ್ಲ.

ಉತ್ತರ 1 (ಶಿರಸಿ, ವಕೀಲ)

ಅಣ್ಣನವರ ಎರಡು ಮಾತುಗಳೂ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದ್ದು, ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗಪತ್ರವಾಗಿದ್ದರೆ ಮಾತು ಬೇರೆ. ಪಹಣಿ ಇನ್ನೂ ತಂದೆಯವರ ಹೆಸರಿನಲ್ಲೇ ಇರುವುದರಿಂದ ಹಾಗೆ ಆದಂತೆ ಕಾಣುವುದಿಲ್ಲ, ಆದರೂ ವಿಚಾರಿಸಿ ನೋಡಿ. ಮದುವೆಯ ಖರ್ಚಿನಿಂದ ಪಾಲು ತೀರುವುದಿಲ್ಲ. ತಂದೆಯವರ ಪಾಲಿನಲ್ಲಿ ತಾಯಿಗೂ ಹಕ್ಕಿದೆ ಎಂಬುದನ್ನು ಮರೆಯಬೇಡಿ.

ಇಲ್ಲಿ ಮುಖ್ಯವಾದದ್ದು ಕಾಗದ. ಪೌತಿ ಖಾತೆಯೆಂದರೆ ತೀರಿಕೊಂಡವರ ಜಾಗದಲ್ಲಿ ವಾರಸುದಾರರ ಹೆಸರನ್ನು ಕಂದಾಯ ದಾಖಲೆಗೆ ಸೇರಿಸುವುದಷ್ಟೇ. ಅದರಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಹೋಗುವುದೂ ಇಲ್ಲ. ವಂಶಾವಳಿ ಕೊಟ್ಟು ನಿಮ್ಮೆಲ್ಲರ ಹೆಸರಿಗೂ ಜಂಟಿಯಾಗಿ ಮಾಡಿಸಬಹುದು. ಹಕ್ಕು ಬಿಡುಗಡೆ ಪತ್ರ ಹಾಗಲ್ಲ, ಅದು ನೋಂದಣಿಯಾದರೆ ನಿಮ್ಮ ಪಾಲು ಅಣ್ಣನಿಗೆ ಹೋದಂತೆಯೇ. ಗುರುತಿಸುವುದು ಸುಲಭ: ನಾಡಕಚೇರಿಗೋ ತಾಲೂಕು ಕಚೇರಿಗೋ ಹೋಗುವ ಕಾಗದವಾದರೆ ಪೌತಿಯದ್ದು, ಸಬ್ ರಿಜಿಸ್ಟ್ರಾರ್ ಕಚೇರಿಗೆ ನಿಮ್ಮನ್ನು ಕರೆಯುತ್ತಿದ್ದರೆ ಅದು ಪೌತಿ ಖಾತೆಗಲ್ಲ. ಇ-ಸ್ಟ್ಯಾಂಪ್ ಆಗಿದ್ದರೆ ದಸ್ತಾವೇಜಿನ ವಿವರಣೆಯ ಸಾಲನ್ನು ಓದಿ.

ಬೆಟ್ಟದ ವಿಷಯ ಇಷ್ಟೇ: ಅದು ತೋಟಕ್ಕೆ ಸೊಪ್ಪು ತರುವ ಸವಲತ್ತೇ ಹೊರತು ಮಾಲ್ಕಿಯಲ್ಲ.

ಉತ್ತರ 2 (ಅಂಕೋಲಾದಿಂದ)

ನಾನು ಹದಿನಾಲ್ಕು ವರ್ಷಗಳ ಹಿಂದೆ ಇಂಥದೇ ಕಾಗದಕ್ಕೆ ಸಹಿ ಮಾಡಿದೆ. ಊಟದ ಎಲೆ ಎತ್ತುವ ಹೊತ್ತಿಗೆ ತಂದರು. ಮೇಲಿನ ಅರ್ಧವನ್ನು ಮಡಚಿ, ಹೆಬ್ಬೆರಳಿನಿಂದ ಸಹಿಯ ಜಾಗವನ್ನು ಮಾತ್ರ ತೋರಿಸಿದರು. ಮನೆಯವರ ಎದುರು ಬಿಡಿಸಿ ಓದುವುದು ಅವರನ್ನು ನಂಬದಂತೆ ಆಗುತ್ತದೆಂಬ ಸಂಕೋಚದಿಂದ ಸುಮ್ಮನಿದ್ದೆ. ಆ ಸಂಕೋಚವನ್ನು ನೀವು ಬಿಡಿ. ಕಾಗದವನ್ನು ಮನೆಗೆ ತಂದು, ಎಲ್ಲ ಪುಟಗಳ ಫೋಟೋ ತೆಗೆದುಕೊಂಡು, ಅಕ್ಕತಂಗಿಯರಿದ್ದರೆ ಅವರಿಗೂ ಕಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಫೋಟೋ ತರಿಸಿಕೊಂಡೆ. ವಿವರಣೆಯ ಸಾಲಿನಲ್ಲಿ ‘ರಿಲೀಸ್’, ಅಂದರೆ ಹಕ್ಕು ಬಿಡುಗಡೆ, ಎಂದಿದೆ. ಒಳಗೆ ‘ಸ್ವಸಂತೋಷದಿಂದ’ ಎಂಬ ಮಾತೂ ಇದೆ. ಅಣ್ಣನಿಗೆ ಸಾಲ ಬೇಕಾಗಿರುವುದು ನಿಜವೇ; ಈ ಸಲ ಕೊಳೆರೋಗದಿಂದ ಫಸಲು ಕೈಸೇರಲಿಲ್ಲ. ಅವನಿಗೆ ತೊಂದರೆಯಾಗದಂತೆ ದಾರಿಯಿದೆಯೇ?

ಉತ್ತರ 1

ಇದೆ. ಜಂಟಿ ಖಾತೆಯಾದ ಮೇಲೆ ಸಾಲಕ್ಕೆ ಮಾತ್ರ ನಿಮ್ಮ ಒಪ್ಪಿಗೆ ಕೊಡಬಹುದೇ ಎಂದು ಸೊಸೈಟಿಯಲ್ಲಿ ಕೇಳಿ. ಪಾಲು ಬಿಡದೆಯೇ ಅವರ ಕೆಲಸ ಆಗಬಹುದು. ಈ ಕಾಗದಕ್ಕೆ ಸಹಿ ಬೇಡ. ಮಾತುಕತೆ ಮುರಿದರೆ ಶಿರಸಿ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿಯೂ ಇಲ್ಲ. ದೂರದಿಂದ ವಿಚಾರಿಸಲು ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಪಹಣಿ, ತಂದೆಯವರ ಮರಣ ಪ್ರಮಾಣಪತ್ರ ಮತ್ತು ಆ ಫೋಟೋಗಳ ಮುದ್ರಿತ ಪ್ರತಿ ಜೊತೆಗಿರಲಿ. ಸಾಧ್ಯವಾದರೆ ತಾಯಿಯವರನ್ನೂ ಕರೆದುಕೊಂಡು ಹೋಗಿ.