ನೋವಿರುವ ಕುದುರೆ ಮೇಲೆ ಕೂರಬಹುದಾ? ಪಶುವೈದ್ಯರ ಉತ್ತರ

ಪ್ರಶ್ನೆ (ಸುರತ್ಕಲ್‌ನ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ನನ್ನ ಮಗಳಿಗೆ ಹನ್ನೆರಡು ವರ್ಷ. ವಾರದ ಕೊನೆಗೆ ಕುದುರೆ ಸವಾರಿ ಕಲಿಯಲು ಹೋಗುತ್ತಾಳೆ. ಅವಳಿಗೆ ಕೊಡುವ ಹೆಣ್ಣು ಕುದುರೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತದೆ. ಓಡುವಾಗ ಬಾಲ ಬೀಸುತ್ತಲೇ ಇರುತ್ತದೆ, ಆಗಾಗ ಎಡವುತ್ತದೆ. ಕೇಳಿದರೆ ಕಲಿಸುವವರು, "ಅದು ಸೋಮಾರಿ, ಸುಮ್ನೆ ನಾಟಕ ಮಾಡ್ತದೆ" ಎಂದರು. ಮಗಳು ಮಾತ್ರ "ಅಮ್ಮ, ಅದಕ್ಕೆ ನೋವಿದ್ರೆ ನಾನು ಕೂತದ್ದು ತಪ್ಪಲ್ವಾ?" ಅಂತ ಕೇಳ್ತಾಳೆ. ಏನು ಹೇಳಲಿ?

ಉತ್ತರ: ಅವಳು ಕೇಳಿದ್ದು ಸರಿ ಅಂತಲೇ ಹೇಳಿ. ವೈದ್ಯರು ನೋಡುವ ತನಕ ಆ ಕುದುರೆ ಮೇಲೆ ಅವಳನ್ನು ಕೂರಿಸಬೇಡಿ.

ನಾಟಕ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿನಲ್ಲಿ ಕುಂಟುವ ಕುದುರೆಯನ್ನೇ ಬೇಟೆಯಾಡುವ ಪ್ರಾಣಿ ಮೊದಲು ಹಿಡಿಯುತ್ತದೆ. ಹಾಗಾಗಿ ಇರುವ ನೋವನ್ನೇ ಮುಚ್ಚಿಡುವ ಜಾತಿ ಅದು. ಇಲ್ಲದ ನೋವನ್ನು ಯಾಕೆ ತೋರಿಸುತ್ತದೆ ಹೇಳಿ? ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು 2018ರಲ್ಲಿ, ಸವಾರಿಯ ಹೊತ್ತಿಗೆ ಕುದುರೆ ನೋವು ತೋರಿಸುವ 24 ನಡವಳಿಕೆಗಳ ಪಟ್ಟಿ ಪ್ರಕಟಿಸಿದರು. ಕಿವಿ ಹಿಂದಕ್ಕೆ ಒತ್ತುವುದು, ಬಾಯಿ ತೆರೆದೇ ಇರುವುದು, ಬಾಲ ಬೀಸುವುದು, ಎಡವುವುದು, ಹಿಂಗಾಲಿನ ಗೊರಸು ಎಳೆಯುವುದು ಎಲ್ಲ ಅದರಲ್ಲಿವೆ. 8 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಕಾಲು, ಬೆನ್ನು ಎಲ್ಲೋ ನೋವಿರುವ ಸಾಧ್ಯತೆ ಹೆಚ್ಚು. ನನ್ನನ್ನು ಒಪ್ಪಿಸಿದ್ದು ಇನ್ನೊಂದು ಸಂಗತಿ. ಕುಂಟುವ ಕುದುರೆಗಳಿಗೆ ನೋವಿನ ಜಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮತ್ತೆ ಸವಾರಿ ಮಾಡಿಸಿದರು. ಅದೇ ಕುದುರೆ, ಅದೇ ಸವಾರ. ಆ "ಕೆಟ್ಟ ಬುದ್ಧಿ" ತುಂಬಾ ಕಡಿಮೆಯಾಯಿತು.

ನೀವು ಹೇಳಿದ್ದರಲ್ಲಿ ಮೂರು ಲಕ್ಷಣ ಆ ಪಟ್ಟಿಗೆ ಹತ್ತಿರ ಇವೆ. ಅಷ್ಟರಿಂದ ಖಚಿತವಾಗಿ ನೋವೇ ಅನ್ನಲಾಗುವುದಿಲ್ಲ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದಕ್ಕೆ ಹೊಟ್ಟೆಯ ಹುಣ್ಣು ಇರಬಹುದು, ಜೀನು ಸರಿ ಕೂರದೆ ಇರಬಹುದು. ಮುಂದಿನ ಸಲ ಜೀನು ತೆಗೆದ ಕೂಡಲೇ ಬೆನ್ನು ನೋಡಿ. ಎಲ್ಲ ಕಡೆ ಬೆವರಿದ್ದು ಒಂದು ಜಾಗ ಮಾತ್ರ ಒಣಗಿದ್ದರೆ, ಅಲ್ಲಿ ಜೀನು ಜಾಸ್ತಿ ಒತ್ತುತ್ತಿರಬಹುದು. ಕಂದು ಕುದುರೆಯ ಬೆನ್ನಿನ ಮೇಲೆ ಬಿಳಿ ಕೂದಲಿನ ಮಚ್ಚೆ ಇದ್ದರೆ ಅದು ಹಳೆಯ ಒತ್ತುಗಾಯದ ಗುರುತಿರಬಹುದು. ಆಮೇಲೆ ಯಾರೂ ಕೂರದೆ ಗಟ್ಟಿ ನೆಲದ ಮೇಲೆ ಟ್ರಾಟ್ (ನಡಿಗೆಗಿಂತ ಜೋರಾದ ಕುಲುಕು ಓಟ) ಮಾಡಿಸಲು ಹೇಳಿ. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ತಾಗುವಾಗ ತಗ್ಗುತ್ತದೆ. ಮರಳಿನ ಮೇಲೆ ನೋಡಬೇಡಿ, ಗೊರಸಿನ ನೋವು ಅಲ್ಲಿ ಅಷ್ಟು ಗೊತ್ತಾಗುವುದಿಲ್ಲ.

ಅದೇ ಸದಸ್ಯೆ: ನೋವಿನ ಮಾತ್ರೆ ಕೊಟ್ಟು ಓಡಿಸ್ತೇವೆ ಅಂದ್ರೆ?

ಉತ್ತರ: ಬೇಡವೇ ಬೇಡ. ವಿಶ್ರಾಂತಿಯ ಜೊತೆಗೆ ಕೊಟ್ಟರೆ ಅದು ಚಿಕಿತ್ಸೆ. ಸವಾರಿಗಾಗಿ ಕೊಟ್ಟರೆ ಗಾಯ ಹಾಗೇ ಇರುತ್ತದೆ, ಕುದುರೆ ಅದೇ ಕಾಲಿನ ಮೇಲೆ ಭಾರ ಹಾಕಿ ಇನ್ನೂ ಕೆಡಿಸಿಕೊಳ್ಳುತ್ತದೆ. "ನನಗಾಗುವುದಿಲ್ಲ" ಎಂದು ಹೇಳಲು ಅದಕ್ಕೆ ಇದ್ದ ಒಂದೇ ದಾರಿಯನ್ನೂ ನಾವು ಮುಚ್ಚಿದ ಹಾಗಾಯಿತು. ಮೇಲೆ ಕೂತ ಮಗು ಬೀಳುವ ಅಪಾಯ ಬೇರೆ.

ಕಾನೂನೂ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೇ ಸೆಕ್ಷನ್ ಪ್ರಕಾರ ರೋಗ, ಗಾಯ, ವಯಸ್ಸಿನಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅಪರಾಧ. ಆದರೆ ನಾಳೆಯೇ ದೂರು ಹಿಡಿದು ಹೋಗಿ ಎನ್ನುತ್ತಿಲ್ಲ. ಮೊದಲು ಪರೀಕ್ಷೆ ಮಾಡಿಸಿ ಎಂದು ಕೇಳಿ. ನಿರಾಕರಿಸಿದರೆ ಮಗಳನ್ನು ಅಲ್ಲಿಂದ ಬಿಡಿಸಿ.

ಪ್ರಶ್ನೆ (ಮಲ್ಪೆಯ ಸದಸ್ಯರು): ಸರ್, ಬೀಚಿನಲ್ಲಿ ಕುದುರೆ ಓಡಿಸುವವರು ಅದನ್ನೇ ನಂಬಿ ಊಟ ಮಾಡುವವರು. ಎಲ್ಲರೂ ಸವಾರಿ ಬಿಟ್ಟರೆ ಕುದುರೆಗೂ ಮೇವಿಲ್ಲ. ಇದಕ್ಕೇನಂತೀರಿ?

ಉತ್ತರ: ನಿಮ್ಮ ಮಾತು ನಿಜ. ಸವಾರಿಯೇ ಪಾಪ ಎಂದು ನಾನು ಹೇಳುವುದಿಲ್ಲ. ಆರೋಗ್ಯವಾಗಿರುವ ಕುದುರೆ, ಹೊಂದುವ ಜೀನು, ಸವಾರ ಮತ್ತು ಜೀನು ಸೇರಿ ಅದರ ತೂಕದ ಐದನೇ ಒಂದು ಪಾಲಿಗಿಂತ ಕಡಿಮೆ ಭಾರ ಇದ್ದರೆ ನನಗೆ ತಕರಾರಿಲ್ಲ. 300 ಕಿಲೋ ಕುದುರೆಗೆ 60 ಕಿಲೋ. ದೊಡ್ಡವರೊಬ್ಬರು ಮಗುವನ್ನು ಮುಂದೆ ಕೂರಿಸಿಕೊಂಡರೆ ಆ ಲೆಕ್ಕ ಅಲ್ಲೇ ಮುಗಿಯಿತು. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಹಾಗಾಗಿ ಮಧ್ಯಾಹ್ನದ ಸವಾರಿ ಬೇಡ. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ನಿಂತು ನಿಂತು ಗೊರಸಿನ ಅಡಿ ಕೊಳೆಯುತ್ತದೆ. ಬೀಚಿಗೆ ಜನ ಕಡಿಮೆಯಾದ ಆ ತಿಂಗಳುಗಳಲ್ಲಿ ಸಂಪಾದನೆಯೂ ಇಲ್ಲದೆ ಗೊರಸು ಕತ್ತರಿಸುವುದೂ ಮುಂದಕ್ಕೆ ಹೋಗುತ್ತದೆ.

ದುಡ್ಡು ಕೊಡುವ ಮೊದಲು ಒಂದು ಸುತ್ತು ಕುದುರೆಯನ್ನು ನೋಡಿ. ಪಕ್ಕೆಲುಬು ಎದ್ದು ಕಂಡರೆ, ಬಾಯಿಯ ಮೂಲೆಯಲ್ಲಿ ಲಗಾಮಿನ ಗಾಯ ಇದ್ದರೆ, ಒಂದೇ ಮುಂಗಾಲನ್ನು ಮತ್ತೆ ಮತ್ತೆ ಮುಂದೆ ಚಾಚಿ ನಿಂತರೆ ಕೂರಬೇಡಿ. ಯಾಕೆ ಬೇಡ ಎಂದು ಅವರಿಗೆ ಮರ್ಯಾದೆಯಿಂದಲೇ ಹೇಳಿ. ಪಶು ಸಹಾಯವಾಣಿಯ ನಂಬರ್ 1962 ಕೂಡ ಕೊಡಿ. ತಾಲೂಕಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನೀವು ಜೊತೆಯಾದರೆ ಇನ್ನೂ ಒಳ್ಳೆಯದು.