ಎಂಜಿಬಿ: ಬಿಸಿಲಾಗ ನಿಲ್ಲಿಸಿದ್ರ ಮತ್ತ ಚಾಲೂ ಆಗವಲ್ದು

ಪ್ರಶ್ನೆ (ನವನಗರ, ಬಾಗಲಕೋಟೆ):
1964ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು), 1798 ಸಿಸಿ, ಎರಡು ಎಸ್‌ಯು ಕಂಪನಿ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸೋ ಭಾಗ). ಬೆಳಿಗ್ಗೆ ಚೊಲೊ ಓಡತೈತಿ. ಬೆಳಗಾವಿಯಿಂದ ಬರುವಾಗ ಲೋಕಾಪುರದಾಗ ಹತ್ತು ನಿಮಿಷ ನಿಲ್ಲಿಸಿದ್ರ ಮತ್ತ ಚಾಲೂ ಆಗವಲ್ದು. ಪೆಟ್ರೋಲ್ ವಾಸನಿ ಜೋರ್ ಐತಿ. ಸ್ಪಾರ್ಕಿಗೆ ಕರೆಂಟ್ ಕೊಡೋ ಕಾಯಿಲ್ ಬದಲಿಸಬೇಕೇನ್ರಿ?

ಉತ್ತರ (ಟಿಳಕವಾಡಿ, ಬೆಳಗಾವಿ):
ಕಾಯಿಲ್‌ಗೆ ಈಗ ರೊಕ್ಕ ಹಾಕಬ್ಯಾಡ್ರಿ. ಎಂಜಿನ್ ಬಂದ್ ಆದ ಮ್ಯಾಲೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ ಹೊಗೆ ಹೊರಗ ಹೋಗೋ ಪೈಪಿನ) ಕಾವು ಮ್ಯಾಲಿನ ಕಾರ್ಬುರೇಟರಿಗೆ ಬಡೀತೈತಿ. ಫ್ಲೋಟ್ ಬೌಲಿನ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲಿನ) ಪೆಟ್ರೋಲ್ ಕುದ್ದು ಜೆಟ್‌ನಿಂದ (ಪೆಟ್ರೋಲ್ ಬರೋ ಸಣ್ಣ ನಳಿಗಿಯಿಂದ) ಉಕ್ಕಿ ಎಂಜಿನ್ ಒಳಗ ಹೋಗತೈತಿ. ಚೋಕ್ ಎಳೀಬ್ಯಾಡ್ರಿ. ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೀರಿ. ಪದೇ ಪದೇ ತುಳಿದು ಉಪಯೋಗಿಲ್ಲ, ಎಸ್‌ಯುದಾಗ ತುಳಿದಾಗ ಪೆಟ್ರೋಲ್ ಚಿಮ್ಮಿಸೋ ಆಕ್ಸಲರೇಟರ್ ಪಂಪೇ ಇಲ್ಲ. ಮ್ಯಾನಿಫೋಲ್ಡ್ ಕಡೆ ತಗಡಿನ ಹೀಟ್ ಶೀಲ್ಡ್, ಕಾರ್ಬುರೇಟರಿಗೆ ಕಾವು ತಡೆಯೋ ದಪ್ಪ ಸ್ಪೇಸರ್ ಅದಾವೇನು ನೋಡ್ರಿ. ಹಳೆ ಗಾಡಿಯಾಗ ಯಾರೋ ತೆಗೆದು ಒಗೆದಿರತಾರ.

ಉತ್ತರ (ವಿಜಯಪುರ):
ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಪ್ರಮಾಣ) ಕೂಡ ನೋಡ್ರಿ. ಮೊದಲು ಕಾರ್ಬುರೇಟರ್ ಮ್ಯಾಲಿನ ಡ್ಯಾಶ್‌ಪಾಟಿಗೆ (ಎಣ್ಣಿ ತುಂಬೋ ಡಬ್ಬಿಗೆ) 20 ನಂಬರ್ ಎಣ್ಣಿ ಹಾಕ್ರಿ. ಎಂಜಿನ್ ಕಾದು ಓಡುವಾಗ ಕಾರ್ಬುರೇಟರಿನ ಪಿಸ್ಟನ್ 0.8 ಮಿಮೀ ಎತ್ತರಿ. ಎಂಜಿನ್ ವೇಗ ಏರಿ ಹಂಗೇ ನಿಂತ್ರ ರಿಚ್ (ಪೆಟ್ರೋಲ್ ಹೆಚ್ಚು), ಜೆಟ್ ನಟ್ ಒಂದು ಮುಖದಷ್ಟು ಮ್ಯಾಲೆ ತಿರುವ್ರಿ. ಬಂದ್ ಬೀಳಾಕ್ಹತ್ತಿದ್ರ ಲೀನ್ (ಪೆಟ್ರೋಲ್ ಕಡಿಮಿ). ಒಂಚೂರು ಏರಿ ಇಳಿದ್ರ ಸರಿ. ಎಥನಾಲ್ ಪೆಟ್ರೋಲಿಗೆ ಹಳೆ ರಬ್ಬರ್ ಪೈಪ್ ಹಾಳಾಗಿ, ಅದರ ಚೂರು ಬೌಲಿಗೆ ಬರೋ ಪೆಟ್ರೋಲ್ ತಡೆಯೋ ಫ್ಲೋಟ್ ಸೂಜಿಗೆ ಸಿಕ್ರೂ ಬೌಲ್ ತುಂಬಿ ಹರಿತೈತಿ. ಪೈಪ್ ಖಂಡಿತ ಬದಲಿಸ್ರಿ.

ನವನಗರ:
ಶೀಲ್ಡ್ ಐತಿ. ಸ್ಪೇಸರ್ ಸೀಳೈತಿ.

ಟಿಳಕವಾಡಿ:
ಹಂಗಾದ್ರ ಅದ ಕಾರಣ. ಸೀಳಿನಿಂದ ಗಾಳಿನೂ ಎಳೀತೈತಿ. ಹೊಸ ಸ್ಪೇಸರ್ ಹಾಕಿ ಎರಡೂ ಬದಿ ಗ್ಯಾಸ್ಕೆಟ್ ಕೊಡ್ರಿ. ಕೆಲಸಕ್ಕ ಮೊದಲು ಸೀಟಿನ ಹಿಂದಿನ ಬ್ಯಾಟರಿ ಬಿಚ್ಚರಿ. 1964ರದು ಪಾಸಿಟಿವ್ ಅರ್ಥ್, ವಾಪಸ್ ಜೋಡಿಸುವಾಗ ಪಾಸಿಟಿವ್ ತುದಿ ಬಾಡಿಗೆ ಹೋಗಬೇಕು.